10 ಡಿಗ್ರಿ ಏರಿದರೆ ಕಿಣ್ವದ ವೇಗ ದುಪ್ಪಟ್ಟು ಯಾಕೆ?

ಬಿಸಿ ಏರಿದಂತೆ ಕಿಣ್ವದ (ಜೀವಿಗಳಲ್ಲಿ ರಾಸಾಯನಿಕ ಕ್ರಿಯೆಗಳನ್ನು ಚುರುಕುಗೊಳಿಸುವ ಪ್ರೋಟೀನ್, ಎನ್‌ಜೈಮ್) ಕೆಲಸ ಚುರುಕಾಗುತ್ತದೆ, ಒಂದು ಹಂತ ದಾಟಿದರೆ ಗ್ರಾಫ್ ದಡಕ್ಕನೆ ಇಳಿಯುತ್ತದೆ. ಇಳಿಯುವ ಭಾಗ ಬೇಗ ತಲೆಗೆ ಹತ್ತುತ್ತದೆ. ನನ್ನನ್ನು ತುಂಬಾ ಹೊತ್ತು ಹಿಡಿದಿಟ್ಟಿದ್ದು ಏರುವ ಭಾಗ.

10 ಡಿಗ್ರಿ ಸೆಲ್ಸಿಯಸ್ ಜಾಸ್ತಿಯಾದರೆ ವೇಗ ಸುಮಾರು ಎರಡು ಪಟ್ಟಾಗುತ್ತದೆ. ಕಾರಣ ಕೇಳಿದರೆ "ಅಣುಗಳು ಜೋರಾಗಿ ಓಡಾಡುತ್ತವೆ, ಹೆಚ್ಚು ಡಿಕ್ಕಿ ಹೊಡೆಯುತ್ತವೆ" ಅನ್ನುತ್ತಾರೆ. ಲೆಕ್ಕ ಹಾಕಿ ನೋಡಿ. 27 ಡಿಗ್ರಿ ಅಂದರೆ 300 ಕೆಲ್ವಿನ್, 37 ಅಂದರೆ 310. ಅಣುಗಳ ಸರಾಸರಿ ಚಲನಶಕ್ತಿ ಏರಿದ್ದು ಬರೀ ಶೇ. 3ರಷ್ಟು. ಅವುಗಳ ಓಟದ ವೇಗ ಶೇ. 2ರಷ್ಟೂ ಏರಿಲ್ಲ. ಇಷ್ಟರಲ್ಲಿ ದುಪ್ಪಟ್ಟು ಎಲ್ಲಿಂದ ಬಂತು?

ಸರಾಸರಿ ಅಣುವನ್ನು ಸ್ವಲ್ಪ ಪಕ್ಕಕ್ಕಿಡಿ. ಕ್ರಿಯೆ ನಡೆಯಲು ಇಂತಿಷ್ಟು ಸಕ್ರಿಯಣ ಶಕ್ತಿ ಬೇಕೇ ಬೇಕು. ಅದು ಮೋಲ್‌ಗೆ 50 ಕಿಲೋಜೂಲ್ ಅಂತ ಇಟ್ಟುಕೊಳ್ಳೋಣ. ತಾಪಮಾನಕ್ಕೂ ಕ್ರಿಯೆಯ ವೇಗಕ್ಕೂ ಇರುವ ನಂಟನ್ನು ಹೇಳುವ ಅರೇನಿಯಸ್ ಸೂತ್ರಕ್ಕೆ ಹಾಕಿದರೆ, 300 ಕೆಲ್ವಿನ್‌ನಲ್ಲಿ ಅಷ್ಟು ಶಕ್ತಿ ಇರುವುದು ನೂರು ಕೋಟಿಗೆ ಸುಮಾರು 2 ಅಣುಗಳಿಗೆ. 310ರಲ್ಲಿ ಸುಮಾರು 3.8ಕ್ಕೆ. ಅಲ್ಲೇ ಸಿಕ್ಕಿತು ದುಪ್ಪಟ್ಟು! ತರಗತಿಯ ಸರಾಸರಿ ಒಂದೆರಡು ಅಂಕ ಏರಿದರೂ 98 ದಾಟಿದವರ ಸಂಖ್ಯೆ ಎರಡು ಪಟ್ಟಾಗಬಹುದು ಅಲ್ವಾ, ಹಾಗೆ.

ಇದರಿಂದ ಇನ್ನೊಂದು ಚೆಂದದ ವಿಷಯ ಹೊರಬೀಳುತ್ತದೆ. ಸಕ್ರಿಯಣ ಶಕ್ತಿ 100 ಕಿಲೋಜೂಲ್ ಇದ್ದರೆ, ಅದೇ 10 ಡಿಗ್ರಿಗೆ ವೇಗ ಮೂರೂವರೆ ಪಟ್ಟಿಗಿಂತ ಹೆಚ್ಚು ಏರುತ್ತದೆ. ಕಿಣ್ವ ಈ ಶಕ್ತಿಯನ್ನೇ ತಗ್ಗಿಸುತ್ತದೆ. ಹಾಗಾಗಿ ಕಿಣ್ವವಿಲ್ಲದ ಕ್ರಿಯೆಯೇ ಬಿಸಿಗೆ ಹೆಚ್ಚು ಸ್ಪಂದಿಸುತ್ತದೆ. ಈ ಲೆಕ್ಕವನ್ನು ಒಮ್ಮೆ ಕೈಯಾರೆ ಮಾಡಿ, ಮರೆಯುವುದಿಲ್ಲ.

ಇಳಿಯುವ ಭಾಗ: ಪ್ರೋಟೀನನ್ನು ಮಡಚಿ ಹಿಡಿದ ಹೈಡ್ರೋಜನ್ ಬಂಧಗಳಂಥ ದುರ್ಬಲ ಹಿಡಿತಗಳು ಬಿಡುತ್ತವೆ, ಕ್ರಿಯೆ ನಡೆಯುವ ಜಾಗದ, ಅಂದರೆ ಆಕ್ಟಿವ್ ಸೈಟಿನ ಆಕಾರ ಕೆಡುತ್ತದೆ. ಚಳಿಯಲ್ಲಿ ಸಾಮಾನ್ಯವಾಗಿ ಹೀಗಾಗುವುದಿಲ್ಲ, ಕೆಲಸ ನಿಧಾನವಾಗುತ್ತದೆ ಅಷ್ಟೇ. ಫ್ರೀಜರಿಗೆ ಹಾಕುವ ಮೊದಲು ಬಟಾಣಿಯನ್ನು ಕುದಿನೀರಿನಲ್ಲಿ ಅದ್ದಿ ತೆಗೆಯುವುದು ಇದಕ್ಕೇ. ಬಿಸಿ ತಾಗಿಸದಿದ್ದರೆ ಅದರ ಕಿಣ್ವಗಳು ಫ್ರೀಜರಿನಲ್ಲೂ ಮೆಲ್ಲಗೆ ಕೆಲಸ ಮಾಡಿ ಬಣ್ಣ, ರುಚಿ ಕೆಡಿಸುತ್ತವೆ.

ಎಲ್ಲ ಕಿಣ್ವಕ್ಕೂ ಅತ್ಯುತ್ತಮ ತಾಪಮಾನ 37 ಡಿಗ್ರಿ ಅಂತ ಸುಮ್ನೆ ಬರೆಯಬೇಡಿ. ಪಿಸಿಆರ್‌ನಲ್ಲಿ (ಡಿಎನ್‌ಎಯನ್ನು ನಕಲು ಮಾಡಿ ಹೆಚ್ಚಿಸುವ ವಿಧಾನ) ಬಳಸುವ ಟಾಕ್ ಪಾಲಿಮರೇಸ್ ಕಿಣ್ವ ಬಿಸಿನೀರಿನ ಬುಗ್ಗೆಯ ಬ್ಯಾಕ್ಟೀರಿಯಾದ್ದು, 72 ಡಿಗ್ರಿಯಲ್ಲಿ ಹಾಯಾಗಿ ದುಡಿಯುತ್ತದೆ. ಅತ್ಯುತ್ತಮ ತಾಪಮಾನ ಎಂಬುದು ಎಷ್ಟು ಹೊತ್ತು ಅಳೆಯುತ್ತೀರಿ ಎಂಬುದರ ಮೇಲೂ ನಿಂತಿದೆ. ಹೊತ್ತು ಹೆಚ್ಚಾದಷ್ಟೂ ಬಿಸಿಯಲ್ಲಿ ಕಿಣ್ವ ಹೆಚ್ಚು ಕೆಡುತ್ತದೆ, ಗ್ರಾಫಿನ ತುದಿ ಎಡಕ್ಕೆ ಜರುಗುತ್ತದೆ.

ಪ್ರಾಕ್ಟಿಕಲ್‌ನಲ್ಲಿ ಜೊಲ್ಲಿನ ಅಮೈಲೇಸ್ (ಪಿಷ್ಟವನ್ನು ಒಡೆಯುವ ಕಿಣ್ವ), ಪಿಷ್ಟ, ಅಯೋಡಿನ್ ಪ್ರಯೋಗ ಮಾಡುವವರು ಒಂದು ಗಮನಿಸಿ. ಪಿಷ್ಟ-ಅಯೋಡಿನ್ ನೀಲಿ ಬಣ್ಣ ಬಿಸಿಗೇ ಮಾಯವಾಗುತ್ತದೆ. 80 ಡಿಗ್ರಿಯ ನಳಿಕೆಗೆ ನೇರವಾಗಿ ಅಯೋಡಿನ್ ಹಾಕಿದರೆ ಪಿಷ್ಟ ಇದ್ದರೂ ಇಲ್ಲದಂತೆ ಕಾಣುತ್ತದೆ. ಒಂದು ಹನಿಯನ್ನು ಬಿಳಿ ಟೈಲ್ ಮೇಲೆ ಹಾಕಿ, ತಣ್ಣಗಾಗಲು ಬಿಟ್ಟು, ಆಮೇಲೆ ಅಯೋಡಿನ್ ಸೇರಿಸಿ.