ಕುಲ್ಲಿಕ್: ಹೆಸರಿಗೆ ದೀಪ, ಕೆಲಸದಲ್ಲಿ ಒಲೆ

ಕೆನಡಾದ ಉತ್ತರ ತುದಿಯಲ್ಲಿರುವ ಇನುಯಿಟ್ ಜನ ಕಲ್ಲಿನಲ್ಲಿ ಕೆತ್ತಿಕೊಳ್ಳುವ ಎಣ್ಣೆ ದೀಪವೇ ಕುಲ್ಲಿಕ್. ಅರ್ಧಚಂದ್ರದ ಆಕಾರ, ತಳ ಹೆಚ್ಚು ಆಳವಿಲ್ಲ. ಕಲ್ಲು ನಮಗೂ ಗೊತ್ತಿರುವಂಥದ್ದೇ, ಬಳಪದ ಕಲ್ಲು. ನಮ್ಮ ಕಲ್ಚಟ್ಟಿಯ ಹಾಗೆ ನಿಧಾನಕ್ಕೆ ಕಾಯುತ್ತದೆ, ಕಾದ ಮೇಲೆ ಬೇಗ ಆರುವುದಿಲ್ಲ.

ಅಲ್ಲಿ ಮರ ಬೆಳೆಯುವುದಿಲ್ಲ. ಸೌದೆ ಎಂದರೆ ಸಮುದ್ರದಲ್ಲಿ ತೇಲಿಬಂದ ನಾಲ್ಕು ತುಂಡು, ಅಷ್ಟೇ. ಹಾಗಾಗಿ ಉರಿಸಲು ಮುಖ್ಯವಾಗಿ ಇದ್ದದ್ದು ಸೀಲ್ ಪ್ರಾಣಿಯ ಕೊಬ್ಬು. ಅದನ್ನು ಜಜ್ಜಿದರೆ ಎಣ್ಣೆ ಬಿಡುತ್ತದೆ. ಬತ್ತಿಗೆ ಟಂಡ್ರಾದಲ್ಲಿ ಬೆಳೆಯುವ ಸುಪುತಿ ಎಂಬ ಬಿಳಿ ಹತ್ತಿಯಂಥ ಹೂವನ್ನೂ ಒಣಗಿದ ಪಾಚಿಯನ್ನೂ ಬೆರೆಸಿ, ದೀಪದ ನೇರ ಅಂಚಿನುದ್ದಕ್ಕೂ ಸಾಲಾಗಿ ಇಡುತ್ತಾರೆ. ಹೊತ್ತಿಸಿದರೆ ಒಂದೇ ಕುಡಿಯಲ್ಲ, ಗಿಡ್ಡನೆಯ ಜ್ವಾಲೆಯ ಸಾಲೇ ಏಳುತ್ತದೆ.

ಹೊತ್ತಿಸಿ ಸುಮ್ನೆ ಕೂತರೆ ಆಗದು. ಬತ್ತಿ ಒಂದು ಕಡೆ ದಪ್ಪಗಾದರೆ ಹೊಗೆ, ತೆಳ್ಳಗಾದರೆ ಉರಿ ಸಣ್ಣ. ತಕ್ಕುತ್ ಎಂಬ ಕಡ್ಡಿಯಿಂದ ಆಗಾಗ ಒತ್ತಿ, ಸರಿಪಡಿಸುತ್ತಲೇ ಇರಬೇಕು. ಇದು ಮನೆಯ ಹೆಂಗಸಿನ ಕೆಲಸವಾಗಿತ್ತು, ದೀಪವೂ ಅವಳದೇ. ಬೇಟೆಯ ಕಥೆಗಳಲ್ಲಿ ಗಂಡಸರ ಹೆಸರೇ ಜಾಸ್ತಿ ಕೇಳಿಬರುತ್ತದೆ. ಆದರೆ ಇವಳು ಉರಿ ನೋಡಿಕೊಳ್ಳದಿದ್ದರೆ ಕುಡಿಯಲು ನೀರೂ ಇರುತ್ತಿರಲಿಲ್ಲ, ಅಲ್ವಾ? ಮಂಜು ಕರಗಿಸುತ್ತಿದ್ದುದು ಈ ಉರಿಯ ಮೇಲೆ ತೂಗುಹಾಕಿದ ಕಲ್ಲಿನ ಪಾತ್ರೆಯಲ್ಲಿ. ಮಾಂಸ ಬೇಯುತ್ತಿದ್ದುದೂ ಅದರಲ್ಲೇ. ಇನ್ನೂ ಮೇಲೆ ಒಂದು ಅಟ್ಟಣಿಗೆ, ಅದರಲ್ಲಿ ಒದ್ದೆಯಾದ ಚರ್ಮದ ಬೂಟು, ಕೈಗವಸು. ಅವು ಒಣಗದೆ ಬೆಳಗ್ಗೆ ಬೇಟೆಗೆ ಹೊರಟರೆ ಬೆರಳು ಉಳಿಯುವುದು ಕಷ್ಟ.

1950, 60ರ ದಶಕಗಳಲ್ಲಿ ಸರ್ಕಾರ ಕಟ್ಟಿಸಿದ ಊರುಗಳಿಗೆ ಜನ ಬಂದರು. ಹಲಗೆಯ ಮನೆ, ಎಣ್ಣೆ ಸ್ಟೌ, ಆಮೇಲೆ ಕರೆಂಟು. ಕುಲ್ಲಿಕ್ ದಿನಬಳಕೆಯಿಂದ ಸರಿಯಿತು. ಆದರೆ ಮೂಲೆ ಸೇರಲಿಲ್ಲ. 1999ರಲ್ಲಿ ಇನುಯಿಟ್ ಜನರೇ ಹೆಚ್ಚಿರುವ ನುನಾವುತ್ ಕೆನಡಾದ ಪ್ರತ್ಯೇಕ ಆಡಳಿತ ಪ್ರದೇಶವಾದಾಗ ಅದರ ಲಾಂಛನದಲ್ಲೇ ಜಾಗ ಪಡೆಯಿತು. ಈಗ ಸಭೆ, ಸಮಾರಂಭಗಳು ಶುರುವಾಗುವುದು ಹಿರಿಯ ಮಹಿಳೆಯೊಬ್ಬರು ಇದನ್ನು ಹಚ್ಚುವುದರಿಂದ. 2021ರಲ್ಲಿ ಮೇರಿ ಸೈಮನ್ ಕೆನಡಾದ ಮೊದಲ ಇನುಯಿಟ್ ಗವರ್ನರ್ ಜನರಲ್ ಆಗಿ ಅಧಿಕಾರ ವಹಿಸಿಕೊಂಡಾಗ ಒಟ್ಟಾವಾದಲ್ಲೂ ಹಚ್ಚಿದರು. ಸೀಲ್ ಎಣ್ಣೆ ಸಿಗದ ಊರುಗಳಲ್ಲಿ ಅಂಗಡಿಯ ಅಡುಗೆ ಎಣ್ಣೆ ಸುರಿದು ಹಚ್ಚುವುದೂ ಉಂಟು.