ದೊಡ್ಡಪ್ಪ ಟಿಕ್ ಹಾಕಿದ ನಂಬರು

ನಿಮ್ಮ ಮನೆಯಲ್ಲಿ ವಿಂಡೋಸ್ ಇರುವ ಕಂಪ್ಯೂಟರ್ ಇದ್ದರೆ ಈಗಲೇ ಒಂದು ಕೆಲಸ ಮಾಡಿ. ಸ್ಟಾರ್ಟ್ ಮೆನು ತೆರೆದು 'ಇವೆಂಟ್ ವ್ಯೂಅರ್' ಅಂತ ಹುಡುಕಿ. ತೆರೆದುಕೊಂಡಾಗ ಎಡಗಡೆ 'ವಿಂಡೋಸ್ ಲಾಗ್ಸ್' ಅಂತ ಇರುತ್ತದೆ. ಅದರೊಳಗೆ 'ಸಿಸ್ಟಮ್' ಒತ್ತಿ. ಈಗ ನಡುವೆ ನೋಡಿ. ಸಾಲು ಸಾಲು ಬರಹ. ಅಲ್ಲಲ್ಲಿ ಕೆಂಪು ಗುರುತು, ಪಕ್ಕದಲ್ಲಿ 'ಎರರ್'. ಹಳದಿ ತ್ರಿಕೋನ, ಪಕ್ಕದಲ್ಲಿ 'ವಾರ್ನಿಂಗ್'. ಸ್ವಲ್ಪ ಹಳೇ ಕಂಪ್ಯೂಟರ್ ಆದರೆ ನೂರಾರು ಸಿಗುತ್ತವೆ.

ಗಾಬರಿ ಬೇಡ. ಚೆನ್ನಾಗಿ ನಡೆಯುತ್ತಿರುವ ಕಂಪ್ಯೂಟರಿನಲ್ಲೂ ಇವು ಇದ್ದೇ ಇರುತ್ತವೆ. ಅಪಾರ್ಟ್‌ಮೆಂಟಿನ ವಾಚ್‌ಮನ್ ಹತ್ತಿರ ಒಂದು ಪುಸ್ತಕ ಇರುತ್ತದಲ್ಲ, ಹಾಗೆ ಇದು. ಹಾಲಿನವನು ಬಂದದ್ದು, ಮೂರನೇ ಮಹಡಿಯ ಲೈಟು ಎರಡು ನಿಮಿಷ ಉರಿಯದೇ ಇದ್ದದ್ದು, ರಾತ್ರಿ ಬೆಕ್ಕೊಂದು ಕಾಂಪೌಂಡ್ ಹಾರಿದ್ದು, ಎಲ್ಲ ಅದರಲ್ಲಿ. ವಿಂಡೋಸ್ ಕೂಡ ಹಾಗೇ ಬರೆದಿಡುತ್ತದೆ. ಯಾವುದೋ ಪ್ರೋಗ್ರಾಂ ಶುರುವಾಗಲು ತಡಮಾಡಿತು, ಒಂದು ಸಾಲು. ನೆಟ್ ಒಮ್ಮೆ ಕೈಕೊಟ್ಟಿತು, ಇನ್ನೊಂದು ಸಾಲು. ರಿಪೇರಿ ಮಾಡುವವರಿಗೆ ಮುಂದೆ ಯಾವತ್ತಾದರೂ ಬೇಕಾದೀತು ಅಂತ. ನಾವು ನೀವು ತೆರೆದೂ ನೋಡದ ಈ ಪುಸ್ತಕವನ್ನು ಸಾಮಾನ್ಯ ಜನರ ಕೈಲಿ ಓದಿಸಿದವರು ಕಳ್ಳರು. ನಿಮ್ಮ ಕಂಪ್ಯೂಟರ್ ಕೆಟ್ಟಿದೆ, ಸರಿಮಾಡಿಕೊಡುತ್ತೇವೆ ಅಂತ ಫೋನಿನಲ್ಲಿ ನಂಬಿಸಿ ದುಡ್ಡು ಕೀಳುವವರು.

ನಮ್ಮ ದೊಡ್ಡಪ್ಪ ಹಾಸನದ ಹೈಸ್ಕೂಲಿನಲ್ಲಿ ಗಣಿತ ಹೇಳಿಕೊಟ್ಟು ನಿವೃತ್ತರಾದವರು. ಕೆಲವು ವರ್ಷಗಳ ಹಿಂದೆ ಆರು ತಿಂಗಳು ನ್ಯೂಜೆರ್ಸಿಯಲ್ಲಿ ಮಗನ ಮನೆಯಲ್ಲಿದ್ದರು. ಹಗಲು ಹೊತ್ತು ಮನೆಯಲ್ಲಿ ಒಬ್ಬರೇ. ಒಂದು ಮಧ್ಯಾಹ್ನ ಲ್ಯಾಂಡ್‌ಲೈನ್ ಬಡಿದುಕೊಂಡಿತು. ವಿಂಡೋಸ್ ಟೆಕ್ನಿಕಲ್ ಡಿಪಾರ್ಟ್‌ಮೆಂಟಿನವರಂತೆ. ನಿಮ್ಮ ಕಂಪ್ಯೂಟರಿಗೆ ವೈರಸ್ ಬಂದಿದೆ, ಅದು ನಮ್ಮ ಸರ್ವರಿಗೆ ಗೊತ್ತಾಗಿದೆ ಅಂದರಂತೆ. ದೊಡ್ಡಪ್ಪ ಮಗನ ಹಳೇ ಲ್ಯಾಪ್‌ಟಾಪ್ ತೆರೆದು ಕೂತರು. ಮೊದಲು ಕೆಂಪು ಗುರುತು ಎಣಿಸುವ ಕೆಲಸ ಆಯಿತು. ಆಮೇಲೆ ಆತ, "ನಿಮ್ಮ ಕಂಪ್ಯೂಟರಿನ ಲೈಸೆನ್ಸ್ ನಂಬರ್ ನನ್ನ ಹತ್ತಿರ ಇದೆ, ಓದುತ್ತೇನೆ, ನಿಮ್ಮಲ್ಲೂ ಅದೇ ಇದೆಯಾ ನೋಡಿ" ಅಂದ. ಕಪ್ಪು ಬಣ್ಣದ ಒಂದು ಕಿಟಕಿ ತೆರೆಸಿ ಏನೋ ಟೈಪ್ ಮಾಡಿಸಿದ. ಕೊನೆಯಲ್ಲೊಂದು ಉದ್ದದ ನಂಬರು ಬಂತು. ದೊಡ್ಡಪ್ಪ ಅದನ್ನು ಹಾಳೆಯ ಮೇಲೆ ಬರೆದುಕೊಂಡು, ಆತ ಓದಿದ ಹಾಗೆ ಒಂದೊಂದಕ್ಕೂ ಪೆನ್ಸಿಲಿನಿಂದ ಟಿಕ್ ಹಾಕಿದರು. ಹೋಮ್‌ವರ್ಕ್ ತಿದ್ದುವ ಅಭ್ಯಾಸ, ಎಲ್ಲಿ ಹೋಗುತ್ತದೆ? ಒಂದೂ ತಪ್ಪಿಲ್ಲ.

"ಅರೆ, ಕರೆಕ್ಟಾಗಿದೆಯಲ್ಲಪ್ಪಾ!" ಅಂತ ಖುಷಿಯಲ್ಲಿ ಕನ್ನಡದಲ್ಲೇ ಹೇಳಿಬಿಟ್ಟರಂತೆ.

ಆ ಕಡೆ ಮೌನ. ಆಮೇಲೆ ಹಿಂದಿಯಲ್ಲಿ ಒಂದೇ ಪ್ರಶ್ನೆ: ಅಂಕಲ್, ನೀವು ಇಂಡಿಯಾದವರಾ? ಹೌದಪ್ಪಾ, ಹಾಸನ, ಅಂದರು ಇವರು. ಫೋನ್ ಕಟ್. ಪಾಪ, ಲೈನ್ ಹೋಯಿತೇನೋ ಅಂತ ದೊಡ್ಡಪ್ಪ ಅರ್ಧ ಗಂಟೆ ಫೋನ್ ಪಕ್ಕದಲ್ಲೇ ಕಾದರು.

ಆ ನಂಬರಿನ ಕಥೆ ಕೇಳಿ. ಅದು 888ಡಿಸಿಎ60 ಅಂತ ಶುರುವಾಗುತ್ತದೆ. ವಿಂಡೋಸ್ ಒಳಗಿನ ಒಂದೊಂದು ಭಾಗಕ್ಕೂ ಗುರುತಿಗೆ ಒಂದೊಂದು ಉದ್ದದ ಸಂಖ್ಯೆ ಇರುತ್ತದೆ. ಇದು, ಫೈಲ್ ಮೇಲೆ ರೈಟ್ ಕ್ಲಿಕ್ ಮಾಡಿದಾಗ 'ಸೆಂಡ್ ಟು' ಅಂತ ಬರುತ್ತದಲ್ಲ, ಅಲ್ಲಿ ಜಿಪ್ ಫೋಲ್ಡರಿಗೆ ಸೇರಿಸುವ ಸಣ್ಣ ಸೌಲಭ್ಯದ ಸಂಖ್ಯೆ. ಹಾಸನದ ಕಂಪ್ಯೂಟರಿಗೂ ನ್ಯೂಜೆರ್ಸಿಯದಕ್ಕೂ ಒಂದೇ. ಫೋನ್ ಮಾಡಿದವನ ಮುಂದಿರುವ ಕಂಪ್ಯೂಟರಿನಲ್ಲೂ ಅದೇ. ನಿಮ್ಮ ಕಾರಿನ ಹಿಂದೆ 'ಮಾರುತಿ 800' ಅಂತ ಬರೆದಿದೆ, ನೋಡಿ, ನಿಮ್ಮ ಕಾರು ನನಗೆ ಗೊತ್ತು ಅಂದ ಹಾಗಾಯಿತು. ಅಷ್ಟೊಂದು ಸಂಖ್ಯೆಗಳಲ್ಲಿ ಇದನ್ನೇ ಯಾಕೆ ಹಿಡಿದರು? ಟೈಪ್ ಮಾಡಿಸುವ ಕಮಾಂಡ್ ಒಂದು ದೊಡ್ಡ ಪಟ್ಟಿಯನ್ನು ಅಕಾರಾದಿಯಾಗಿ ಓಡಿಸುತ್ತದೆ. ಈ ಸಾಲು ಇಂಗ್ಲಿಷಿನ ಕೊನೆಯ ಅಕ್ಷರದಿಂದ ಶುರುವಾಗುವುದರಿಂದ ಪಟ್ಟಿ ನಿಂತಾಗ ಸ್ಕ್ರೀನಿನ ತಳದಲ್ಲಿ, ಕಣ್ಣಿಗೆ ಬೀಳುವಲ್ಲೇ ಉಳಿಯುತ್ತದೆ. ಕಳ್ಳರಲ್ಲೂ ಯಾರೋ ಒಬ್ಬ ಕೂತು ಯೋಚನೆ ಮಾಡಿದ್ದಾನೆ.

ಈ ಕಳ್ಳರ ಇನ್ನೊಂದು ತಂತ್ರ ನೆಟ್‌ಸ್ಟ್ಯಾಟ್. ಕಂಪ್ಯೂಟರ್ ಸದ್ಯ ಯಾವ ಯಾವ ವಿಳಾಸದ ಜೊತೆ ಮಾತಾಡುತ್ತಿದೆ ಅಂತ ತೋರಿಸುವ ಕಮಾಂಡ್ ಅದು. ಒಂದು ಕಾಲಮ್ಮಿನ ಹೆಸರು 'ಫಾರಿನ್ ಅಡ್ರೆಸ್'. ಫಾರಿನ್ ಅಂದರೆ ಇಲ್ಲಿ ತಂತಿಯ ಆ ತುದಿ, ಅಷ್ಟೇ. ಕಳ್ಳ ಮಾತ್ರ, ನೋಡಿ, ವಿದೇಶಿ ಹ್ಯಾಕರುಗಳು ನಿಮ್ಮ ಕಂಪ್ಯೂಟರಿನೊಳಗೆ ಬಂದಿದ್ದಾರೆ ಅನ್ನುತ್ತಾನೆ. ತಮಾಷೆ ಅಂದರೆ ಆ ಕಾಲಮ್ಮಿನಲ್ಲಿ ಎಷ್ಟೋ ಸಲ 127.0.0.1 ಅಂತ ಇರುತ್ತದೆ. ಅದು ಕಂಪ್ಯೂಟರ್ ತನ್ನ ಜೊತೆ ತಾನೇ ಮಾತಾಡಿಕೊಳ್ಳುವ ವಿಳಾಸ.

ಗಮನಿಸಿದಿರಾ? ಇಷ್ಟು ಹೊತ್ತು ಕಳ್ಳ ಕಂಪ್ಯೂಟರಿನಲ್ಲಿ ಏನನ್ನೂ ಕೆಡಿಸಿಲ್ಲ. ಸ್ಕ್ರೀನಿನಲ್ಲಿ ಕಂಡದ್ದೆಲ್ಲ ನಿಜ. ಅದರ ಅರ್ಥ ಅಂತ ಅವನು ಹೇಳಿದ್ದು ಮಾತ್ರ ಸುಳ್ಳು. ಹಾಗಾಗಿಯೇ ಆ್ಯಂಟಿವೈರಸ್ ಇದನ್ನು ಹಿಡಿಯಲಾರದು. ಹಿಡಿಯಲು ಅಲ್ಲಿ ಏನಿದೆ?

ಈಗೀಗ ಅವರೇ ಫೋನ್ ಮಾಡುವುದು ಕಡಿಮೆ, ನಮ್ಮ ಕೈಲೇ ಮಾಡಿಸುವುದು ಜಾಸ್ತಿ. ಯಾವುದೋ ವೆಬ್‌ಸೈಟ್ ನೋಡುತ್ತಿರುವಾಗ ಸ್ಕ್ರೀನ್ ಪೂರ್ತಿ ಕೆಂಪಾಗಿ, ಸೈರನ್ ಕೂಗಿ, ಈ ನಂಬರಿಗೆ ಕೂಡಲೇ ಕರೆ ಮಾಡಿ ಅಂತ ಬರುತ್ತದೆ. ಮುಚ್ಚಲು ಹೋದರೆ ಮುಚ್ಚುವುದಿಲ್ಲ. ಅದು ಒಂದು ಸಾಧಾರಣ ವೆಬ್ ಪುಟ. ಸ್ಕ್ರೀನ್ ತುಂಬ ಹರಡಿಕೊಂಡು ಮತ್ತೆ ಮತ್ತೆ ಸಂದೇಶದ ಡಬ್ಬಿ ತೆರೆಯುವಂತೆ ಬರೆದಿರುತ್ತಾರೆ. ಎಸ್ಕೇಪ್ ಕೀ ಒತ್ತಿ ಹಿಡಿದುಕೊಳ್ಳಿ, ಬಗ್ಗದಿದ್ದರೆ ಟಾಸ್ಕ್ ಮ್ಯಾನೇಜರ್‌ಗೆ ಹೋಗಿ ಬ್ರೌಸರನ್ನೇ ಮುಚ್ಚಿ. ಹೋಯಿತು. ಮತ್ತೆ ತೆರೆದಾಗ 'ಹಳೇ ಪುಟಗಳನ್ನು ತರಲೇ' ಅಂತ ಕೇಳಿದರೆ ಬೇಡ ಅನ್ನಿ. ಮೈಕ್ರೋಸಾಫ್ಟ್ ತನ್ನ ಎರರ್ ಸಂದೇಶಗಳಲ್ಲಿ ಫೋನ್ ನಂಬರ್ ಹಾಕುವುದೇ ಇಲ್ಲ.

ನಂಬಿದವರಿಗೆ ಮುಂದಿನ ಹೆಜ್ಜೆ ಎನಿಡೆಸ್ಕ್, ಟೀಮ್‌ವ್ಯೂಅರ್ ಥರದ ಒಂದು ಪ್ರೋಗ್ರಾಂ. ದೂರದಲ್ಲಿ ಕೂತು ನಿಮ್ಮ ಕಂಪ್ಯೂಟರ್ ನಡೆಸಲು ಆಗುವಂಥದ್ದು. ಆಫೀಸುಗಳಲ್ಲಿ ದಿನಾ ಬಳಸುವ ಒಳ್ಳೇ ಉಪಕರಣಗಳೇ ಇವು. ಅದರ ಕೋಡ್ ಹೇಳಿದಿರೋ, ಮೌಸು ತಾನಾಗಿ ಓಡಾಡತೊಡಗುತ್ತದೆ. ಇಲ್ಲಿಂದ ಮುಂದಿನದು ಕೈಚಳಕ. ರಿಫಂಡ್ ಅನ್ನುವ ಆಟ ನನಗೆ ಬಹಳ ಕುತೂಹಲದ್ದು. ನಿಮಗೆ 200 ಡಾಲರ್ ವಾಪಸ್ ಬರಬೇಕು, ಬ್ಯಾಂಕ್ ಪುಟ ತೆರೆಯಿರಿ ಅನ್ನುತ್ತಾನೆ. ಸ್ಕ್ರೀನ್ ಒಂದು ನಿಮಿಷ ಕಪ್ಪಾಗುತ್ತದೆ. ಬೆಳಕು ಬಂದಾಗ ಖಾತೆಯಲ್ಲಿ 20,000 ಡಾಲರ್ ಜಾಸ್ತಿ! ಅಯ್ಯೋ, ಎರಡು ಸೊನ್ನೆ ಜಾಸ್ತಿ ಒತ್ತಿಬಿಟ್ಟೆ, ನನ್ನ ಕೆಲಸ ಹೋಗುತ್ತದೆ, ಉಳಿದದ್ದನ್ನು ಗಿಫ್ಟ್ ಕಾರ್ಡ್ ಕೊಂಡು ವಾಪಸ್ ಕೊಡಿ ಅಂತ ಅಳುತ್ತಾನೆ.

ದುಡ್ಡು ಬಂದೇ ಇರುವುದಿಲ್ಲ. ಬ್ರೌಸರಿನಲ್ಲಿ ಕಾಣುವ ಪುಟ ಬ್ಯಾಂಕಿನ ಲೆಡ್ಜರಿನ ಜೆರಾಕ್ಸ್ ಪ್ರತಿ ಇದ್ದ ಹಾಗೆ. ಲೆಡ್ಜರ್ ಬ್ಯಾಂಕಿನ ಸರ್ವರಿನಲ್ಲಿ ಭದ್ರವಾಗಿರುತ್ತದೆ. ಜೆರಾಕ್ಸ್ ನಮ್ಮ ಕಂಪ್ಯೂಟರಿನಲ್ಲಿ. ವೆಬ್ ಪುಟ ಕಟ್ಟುವವರ ಅನುಕೂಲಕ್ಕೆ ಬ್ರೌಸರಿನಲ್ಲೇ ಒಂದು ಸೌಲಭ್ಯ ಇದೆ. ಎಫ್12 ಒತ್ತಿದರೆ ಪುಟದ ಯಾವ ಅಕ್ಷರವನ್ನೂ ತಿದ್ದಬಹುದು. ಬೇಕಾದರೆ ನೀವೇ ನಿಮ್ಮ ಖಾತೆಯಲ್ಲಿ ಕೋಟಿ ರೂಪಾಯಿ ಬರೆದುಕೊಂಡು ಸಂತೋಷಪಡಿ. ಪುಟವನ್ನು ರಿಫ್ರೆಶ್ ಮಾಡುವ ತನಕ ನೀವು ಕೋಟ್ಯಧಿಪತಿ. ಕೆಲವರು ಇನ್ನೂ ಚಾಲಾಕಿಗಳು. ನಿಮ್ಮದೇ ಒಂದು ಖಾತೆಯಿಂದ ಇನ್ನೊಂದಕ್ಕೆ ದುಡ್ಡು ಸರಿಸಿಬಿಡುತ್ತಾರೆ. ಆಗ ರಿಫ್ರೆಶ್ ಮಾಡಿದರೂ ಜಾಸ್ತಿಯೇ ಕಾಣುತ್ತದೆ.

ದುಡ್ಡು ಕೊಡಲ್ಲ ಅಂದವರ ಮೇಲೆ ಸೇಡೂ ತೀರಿಸಿಕೊಳ್ಳುತ್ತಿದ್ದರು. ವಿಂಡೋಸ್‌ನಲ್ಲಿ ಸಿಸ್‌ಕೀ ಅಂತ ಒಂದು ಹಳೇ ಸೌಲಭ್ಯ ಇತ್ತು, ಪಾಸ್‌ವರ್ಡುಗಳ ಕಡತಕ್ಕೆ ಇನ್ನೊಂದು ಬೀಗ. ಕಳ್ಳರು ಅದಕ್ಕೆ ತಮ್ಮ ಪಾಸ್‌ವರ್ಡ್ ಹಾಕಿ ಹೋಗುತ್ತಿದ್ದರು, ಕಂಪ್ಯೂಟರ್ ಏಳುತ್ತಲೇ ಇರಲಿಲ್ಲ. 2017ರಲ್ಲಿ ಮೈಕ್ರೋಸಾಫ್ಟ್ ಆ ಸೌಲಭ್ಯವನ್ನೇ ವಿಂಡೋಸ್‌ನಿಂದ ಕಿತ್ತುಹಾಕಿತು.

ಓದಿದವರೂ ಯಾಕೆ ಬೀಳುತ್ತಾರೆ? 1966ರಲ್ಲಿ ಫ್ರೀಡ್‌ಮನ್ ಮತ್ತು ಫ್ರೇಸರ್ ಎಂಬ ಮನಶ್ಶಾಸ್ತ್ರಜ್ಞರು ಒಂದು ಪ್ರಯೋಗ ಪ್ರಕಟಿಸಿದರು. ಕ್ಯಾಲಿಫೋರ್ನಿಯಾದ ಮನೆಗಳಿಗೆ ಹೋಗಿ, 'ಎಚ್ಚರದಿಂದ ಗಾಡಿ ಓಡಿಸಿ' ಎಂಬ ವಿಕಾರವಾದ ದೊಡ್ಡ ಬೋರ್ಡನ್ನು ನಿಮ್ಮ ಅಂಗಳದಲ್ಲಿ ನಿಲ್ಲಿಸಬಹುದಾ ಅಂತ ಕೇಳಿದರು. ಒಪ್ಪಿದವರು 17%ರಷ್ಟು. ಇನ್ನು ಕೆಲವು ಮನೆಗಳಿಗೆ ಎರಡು ವಾರ ಮೊದಲೇ ಹೋಗಿ, ಇದೇ ವಿಷಯದ ಅಂಗೈಗಿಂತ ಚಿಕ್ಕದೊಂದು ಫಲಕ ಇಟ್ಟುಕೊಳ್ಳಿ ಅಂತ ಕೇಳಿದ್ದರು. ಆ ಮನೆಗಳಲ್ಲಿ ದೊಡ್ಡ ಬೋರ್ಡಿಗೂ ಒಪ್ಪಿದವರು 76%. ಸಣ್ಣದಕ್ಕೆ ಹೂಂ ಅಂದ ಬಾಯಿಗೆ ದೊಡ್ಡದಕ್ಕೆ ಊಹೂಂ ಅನ್ನುವುದು ಕಷ್ಟ. ಆ ಕೀ ಒತ್ತಿ, ಈ ಸಾಲು ಓದಿ, ಎಷ್ಟು ಕೆಂಪು ಗುರುತಿವೆ ಎಣಿಸಿ ಅಂತ ಫೋನಿನವನು ಹೇಳುವುದು ಇದಕ್ಕೇ. ದುಡ್ಡಿನ ಮಾತು ಬರುವಷ್ಟರಲ್ಲಿ ನಾವು ಹತ್ತು ಸಲ ಅವನ ಮಾತು ಕೇಳಿರುತ್ತೇವೆ. ಜೊತೆಗೆ ಲೈನ್ ಕಟ್ ಮಾಡಬೇಡಿ ಅನ್ನುತ್ತಿರುತ್ತಾನೆ. ಪಕ್ಕದವರನ್ನು ಒಂದು ಮಾತು ಕೇಳಿದರೂ ಅವನ ಆಟ ಮುಗಿಯಿತಲ್ವಾ?

ನ್ಯೂಯಾರ್ಕ್ ರಾಜ್ಯದ ಸ್ಟೋನಿ ಬ್ರೂಕ್ ವಿಶ್ವವಿದ್ಯಾಲಯದ ಸಂಶೋಧಕರು ಬೇಕೆಂದೇ ಇಂಥ 60 ಮಂದಿ ವಂಚಕರಿಗೆ ಫೋನ್ ಮಾಡಿ, ಮೊದಲೇ ಸಿದ್ಧ ಮಾಡಿದ ಕಂಪ್ಯೂಟರ್ ಬಿಟ್ಟುಕೊಟ್ಟು, ಅವರು ಏನೇನು ಮಾಡುತ್ತಾರೆ ಅಂತ ದಾಖಲಿಸಿದರು. 2017ರಲ್ಲಿ ಬಂದ ಆ ವರದಿಯ ಪ್ರಕಾರ ಒಂದು ಕರೆ ಸರಾಸರಿ 17 ನಿಮಿಷ. ಕೇಳುವ ದುಡ್ಡು ಸರಾಸರಿ 290 ಡಾಲರಿನಷ್ಟು. ಜಾಗ ಪತ್ತೆಯಾದವರಲ್ಲಿ ಸುಮಾರು 85% ಭಾರತದಲ್ಲಿದ್ದರು. ಈ ಅಂಕಿ ಓದುವಾಗ ಇರಿಸುಮುರಿಸಾಗುತ್ತದೆ. ಅಕ್ಟೋಬರ್ 2023ರಲ್ಲಿ ಸಿಬಿಐ ದೇಶದ 76 ಕಡೆ ನಡೆಸಿದ ಶೋಧದಲ್ಲಿ ಇಂಥ ಕಾಲ್ ಸೆಂಟರುಗಳೂ ಇದ್ದವು. ಅದೇ ವರ್ಷ ಅಮೆರಿಕದ ಎಫ್‌ಬಿಐಗೆ ಬಂದ ದೂರುಗಳಲ್ಲಿ ಈ ಒಂದು ಬಗೆಯ ಮೋಸದ ನಷ್ಟವೇ 92 ಕೋಟಿ ಡಾಲರ್.

17 ನಿಮಿಷ ಅನ್ನುವುದನ್ನು ಹಿಡಿದುಕೊಳ್ಳಿ. ದೊಡ್ಡಪ್ಪನ ಫೋನ್ ಕಟ್ ಆದ ಗುಟ್ಟು ಅಲ್ಲಿದೆ. ಎಂಟು ಗಂಟೆ ಬಿಡದೆ ಮಾತಾಡಿದರೂ ಒಬ್ಬನಿಗೆ ದಿನಕ್ಕೆ 28 ಕರೆಗಿಂತ ಹೆಚ್ಚು ಆಗುವುದಿಲ್ಲ. ನಂಬರ್ ಒತ್ತುವುದು ಅಗ್ಗ, ಮಾತಾಡುವುದು ದುಬಾರಿ. ಮೈಕ್ರೋಸಾಫ್ಟಿನ ಸಂಶೋಧಕ ಕಾರ್ಮಕ್ ಹರ್ಲಿ 2012ರಲ್ಲಿ ಇಮೇಲ್ ವಂಚಕರ ಬಗ್ಗೆ ಇದೇ ಲೆಕ್ಕ ಹಾಕಿದರು. ನನ್ನ ಕೋಟಿಗಟ್ಟಲೆ ದುಡ್ಡಿನಲ್ಲಿ ನಿಮಗೂ ಪಾಲು ಕೊಡುತ್ತೇನೆ ಅನ್ನುವ, ಎಲ್ಲರೂ ನಗುವಂಥ 'ನೈಜೀರಿಯಾ ರಾಜಕುಮಾರ'ನ ಕಥೆಯನ್ನೇ ಆ ವಂಚಕರು ಯಾಕೆ ಹೇಳುತ್ತಾರೆ? ಅನುಮಾನ ಪಡುವವರು ಮೊದಲ ಸಾಲಿಗೇ ಎದ್ದು ಹೋಗಲಿ ಅಂತ. ಕೊನೆಯವರೆಗೂ ಬಂದು ದುಡ್ಡು ಕೊಡದವರೇ ಕಳ್ಳನಿಗೆ ದೊಡ್ಡ ನಷ್ಟ. ಒರಟು ಸುಳ್ಳು ಒಂದು ಜರಡಿ. ಪ್ರವಾಸಕ್ಕೆ ಬಂದ ಭಾರತದ ಅಜ್ಜನಿಗೆ ಅಮೆರಿಕದ ಬ್ಯಾಂಕ್ ಖಾತೆ ಎಲ್ಲಿ ಬರಬೇಕು? ದೊಡ್ಡಪ್ಪ ಆ ಜರಡಿಯಲ್ಲಿ ಉದುರಿಹೋದರು.

ಭಾರತದವರಿಗೆ ಈ ಕಾಟ ಇಲ್ಲ ಅಂತೇನಿಲ್ಲ. ಮೈಕ್ರೋಸಾಫ್ಟ್ 2021ರಲ್ಲಿ 16 ದೇಶಗಳಲ್ಲಿ ಸಮೀಕ್ಷೆ ಮಾಡಿಸಿದಾಗ ಭಾರತದಲ್ಲಿ ಕೇಳಿದವರ ಪೈಕಿ 69% ಜನ ಹಿಂದಿನ ಒಂದು ವರ್ಷದಲ್ಲಿ ಇಂಥದ್ದನ್ನು ಎದುರಿಸಿದ್ದರು, 31% ದುಡ್ಡು ಕಳೆದುಕೊಂಡಿದ್ದರು. ಹೆಚ್ಚು ಕಳೆದುಕೊಂಡವರು ಮುದುಕರಲ್ಲ, 24ರಿಂದ 37 ವರ್ಷದವರು. ನಮ್ಮಲ್ಲಿ ಕಂಪ್ಯೂಟರಿನ ಜಾಗಕ್ಕೆ ಮೊಬೈಲು ಬಂದಿದೆ. ಫ್ರಿಜ್ ಕೆಟ್ಟಿತು ಅಂತ ಗೂಗಲ್‌ನಲ್ಲಿ ಕಸ್ಟಮರ್ ಕೇರ್ ನಂಬರ್ ಹುಡುಕುತ್ತೇವೆ. ಯಾರೋ ಹಾಕಿಟ್ಟ ನಕಲಿ ನಂಬರ್ ಸಿಗುತ್ತದೆ. ಅಥವಾ ಬಿಲ್ ಕಟ್ಟಿಲ್ಲ, ಇವತ್ತು ರಾತ್ರಿ 9.30ಕ್ಕೆ ಕರೆಂಟ್ ಕಡಿತ ಅಂತ ಮೆಸೇಜು. ಆಮೇಲಿನದು ಒಂದೇ: ಆ್ಯಪ್ ಹಾಕಿಕೊಳ್ಳಿ, ಸುಮ್ನೆ 10 ರೂಪಾಯಿ ಕಟ್ಟಿ. ಆ ಹತ್ತು ರೂಪಾಯಿಯೇ ಅಂಗಳದ ಚಿಕ್ಕ ಫಲಕ. ಅದನ್ನು ಕಟ್ಟುವಾಗ ನೀವು ತುಂಬುವ ಕಾರ್ಡ್ ನಂಬರು, ಆಮೇಲೆ ಬರುವ ಒಟಿಪಿ ಆ ಕಡೆಯವನ ಕಣ್ಣಿಗೆ ಬೀಳುತ್ತವೆ. ರಿಸರ್ವ್ ಬ್ಯಾಂಕ್ 2019ರ ಫೆಬ್ರವರಿಯಲ್ಲೇ ಎನಿಡೆಸ್ಕ್ ಬಗ್ಗೆ ಬ್ಯಾಂಕುಗಳಿಗೆ ಎಚ್ಚರಿಕೆ ಕೊಟ್ಟಿತ್ತು. ಯುಪಿಐ ಪಿನ್ ಒತ್ತಬೇಕಾದ್ದು ದುಡ್ಡು ಕಳಿಸುವಾಗ, ಬರಬೇಕಾದ ದುಡ್ಡಿಗೆ ಪಿನ್ ಬೇಡ.

ಒಳಗೆ ಬಿಟ್ಟುಕೊಂಡೇ ಬಿಟ್ಟಿದ್ದರೆ ಮೊದಲು ವೈಫೈ, ಡೇಟಾ ಎರಡನ್ನೂ ಆಫ್ ಮಾಡಿ. ಅವನ ಕೈ ಅಲ್ಲಿಗೆ ತುಂಡಾಗುತ್ತದೆ. ಬೇರೆ ಫೋನಿನಿಂದ ಬ್ಯಾಂಕಿಗೆ, ಸರ್ಕಾರದ ಸೈಬರ್ ವಂಚನೆ ಸಹಾಯವಾಣಿ 1930ಕ್ಕೆ ಕರೆ ಮಾಡಿ. ನಾಚಿಕೆಯಲ್ಲಿ ಒಂದು ದಿನ ಕಳೆಯಬೇಡಿ. ದುಡ್ಡು ಒಂದು ಖಾತೆಯಿಂದ ಇನ್ನೊಂದಕ್ಕೆ, ಅಲ್ಲಿಂದ ಮತ್ತೊಂದಕ್ಕೆ ಹಾರುತ್ತಿರುತ್ತದೆ, ದಾರಿಯಲ್ಲಿದ್ದಾಗಲೇ ತಡೆಯಬೇಕು. ಪಾಸ್‌ವರ್ಡ್ ಬದಲಿಸುವುದೂ ಬೇರೆ ಫೋನಿನಿಂದಲೇ.

ಜಿಮ್ ಬ್ರೌನಿಂಗ್ ಅನ್ನುವ ಅಡ್ಡಹೆಸರಿನ ಒಬ್ಬ ಬ್ರಿಟಿಷ್ ಯೂಟ್ಯೂಬರ್ ಇದ್ದಾರೆ. ಇಂಥ ಕಳ್ಳರ ಕಂಪ್ಯೂಟರಿಗೇ ನುಗ್ಗಿ ಅವರನ್ನು ಬಯಲಿಗೆಳೆಯುವುದು ಅವರ ಕೆಲಸ. ಗುರುಗ್ರಾಮದ ಒಂದು ಕಾಲ್ ಸೆಂಟರಿನ ಸಿಸಿಟಿವಿಯನ್ನೇ ವಶಮಾಡಿಕೊಂಡು ಅವರು ತೆಗೆದ ದೃಶ್ಯಗಳನ್ನು ಬಿಬಿಸಿ 2020ರಲ್ಲಿ ತೋರಿಸಿತ್ತು. 2021ರ ಜುಲೈಯಲ್ಲಿ ಯೂಟ್ಯೂಬ್ ಸಪೋರ್ಟಿನವರು ಅಂತ ಹೇಳಿಕೊಂಡ ಒಬ್ಬ ಅವರ ಜೊತೆ ಮಾತಾಡಿ, ಅವರ ಚಾನೆಲ್ಲನ್ನು ಅವರ ಕೈಯಿಂದಲೇ ಡಿಲೀಟ್ ಮಾಡಿಸಿಬಿಟ್ಟ. ಆಮೇಲೆ ವಾಪಸ್ ಸಿಕ್ಕಿತು ಅನ್ನಿ.

ಇದನ್ನು ಹೋದ ಸಲ ಹಾಸನಕ್ಕೆ ಹೋದಾಗ ದೊಡ್ಡಪ್ಪನಿಗೆ ಹೇಳಿದೆ. ಪೂರ್ತಿ ಕೇಳಿಸಿಕೊಂಡರು.

"ಅಂಥವನೇ ಬಿದ್ದ ಅಂದಮೇಲೆ, ದೊಡ್ಡಪ್ಪ, ನೀವು ಅವತ್ತು ಬಚಾವಾದದ್ದು ದೊಡ್ಡದೇ" ಅಂದೆ.

"ನಾನೆಲ್ಲೋ ಬಚಾವಾದೆ? ಫೋನ್ ಇಟ್ಟಿದ್ದು ಅವನು ಕಣೋ" ಅಂದರು.