ಫೋನಿನಲ್ಲಿ ಕೊಟ್ಟ ದುಡ್ಡು ಎಲ್ಲಿ ಹೋಯಿತು?

ಪ್ರಶ್ನೆ: ಮನೆಯಲ್ಲಿ ಇಬ್ಬರೂ ದುಡಿಯುತ್ತೇವೆ. ದುಂದು ಮಾಡುವವರಲ್ಲ. ಆದರೂ ತಿಂಗಳ 20ನೇ ತಾರೀಖು ಬರುವಷ್ಟರಲ್ಲಿ ಖಾತೆ ಬರಿದಾಗಿರುತ್ತದೆ. ತರಕಾರಿಯಿಂದ ಹಿಡಿದು ಆಟೊದವರೆಗೆ ಎಲ್ಲಕ್ಕೂ ಫೋನಿನಲ್ಲೇ ಹಣ ಕೊಡುತ್ತೇವೆ. ಖರ್ಚು ಕಡಿಮೆ ಮಾಡಬೇಕೆಂದರೆ ಎಲ್ಲಿಂದ ಶುರು ಮಾಡಬೇಕು?

ಉತ್ತರ: ಕಾಫಿಯಿಂದಂತೂ ಬೇಡ. ಉಳಿತಾಯದ ಮಾತೆತ್ತಿದರೆ ಸಾಕು, ಎಲ್ಲರೂ ಮೊದಲು ಕೈ ಹಾಕುವುದು ದರ್ಶಿನಿಯ ಕಾಫಿಗೇ. ದಿನಕ್ಕೆ ಇಪ್ಪತ್ತು ರೂಪಾಯಿ ಉಳಿಸಲು ದಿನವೂ ಮನಸ್ಸು ಬಿಗಿ ಹಿಡಿಯಬೇಕು. ಎರಡನೇ ವಾರಕ್ಕೆ ಬೇಸರ ಬಂದು, ಆ ಸಿಟ್ಟಿಗೆ ಭಾನುವಾರ ಆರುನೂರು ರೂಪಾಯಿಯ ಬಿರಿಯಾನಿ ತರಿಸಿಕೊಳ್ಳುತ್ತೀರಿ. ಒಮ್ಮೆ ಕುಳಿತು ತೀರ್ಮಾನಿಸಿದರೆ ಆಮೇಲೆ ನೆನಪಿಟ್ಟುಕೊಳ್ಳದೆಯೂ ತಿಂಗಳು ತಿಂಗಳೂ ಉಳಿಯುವ ಜಾಗಗಳು ಬೇರೆ ಇವೆ. ಕೈ ಹಾಕಬೇಕಾದದ್ದು ಅಲ್ಲಿ.

ಹಾಸಿಗೆ ಇದ್ದಷ್ಟು ಕಾಲು ಚಾಚು ಎಂದು ಹಿರಿಯರು ಹೇಳಿದ್ದು ಸರಿಯೇ. ಯುಪಿಐ ಬಂದ ಮೇಲೆ ಹಾಸಿಗೆ ಎಲ್ಲಿ ಮುಗಿಯುತ್ತದೆ ಎಂಬುದೇ ಕಾಣದಂತಾಗಿದೆ. ಕೈಯಲ್ಲಿ ನೋಟು ಇದ್ದಾಗ ಐನೂರನ್ನು ಮುರಿಸಲು ಮನಸ್ಸು ಹಿಂಜರಿಯುತ್ತಿತ್ತು. ಪರ್ಸು ತೆಳ್ಳಗಾಗುವುದು ಕಣ್ಣಿಗೆ ಬೀಳುತ್ತಿತ್ತು. 2016ರಲ್ಲಿ ಶುರುವಾದ ಈ ವ್ಯವಸ್ಥೆ ಚಿಲ್ಲರೆಯ ಜಗಳವನ್ನು ತಪ್ಪಿಸಿತು, ಜೊತೆಗೆ ಆ ಹಿಂಜರಿಕೆಯನ್ನೂ ತೆಗೆದುಹಾಕಿತು. ಹಾಗೆಂದು ಮತ್ತೆ ನೋಟಿಗೆ ಮರಳಬೇಕಾಗಿಲ್ಲ, ಹಿಂಜರಿಕೆಯನ್ನು ಮರಳಿ ತಂದುಕೊಂಡರೆ ಸಾಕು.

ಹೋದ ತಿಂಗಳ ಬ್ಯಾಂಕ್ ಸ್ಟೇಟ್‌ಮೆಂಟ್ ತೆಗೆದು ನೋಡಿ. ಒಂದೊಂದು ಸಾಲಿನಲ್ಲೂ ಯುಪಿಐ ಎಂಬ ಮೂರಕ್ಷರ, ಹನ್ನೆರಡು ಅಂಕಿಗಳ ಒಂದು ಸಂಖ್ಯೆ, ಆಮೇಲೆ ಯಾರದೋ ಅರ್ಧ ತುಂಡಾದ ಹೆಸರು. ನೀವು ಬೇಕರಿಯಲ್ಲಿ ಕೊಟ್ಟಿರುತ್ತೀರಿ, ಸ್ಟೇಟ್‌ಮೆಂಟ್‌ನಲ್ಲಿ ಬೇಕರಿ ಮಾಲೀಕರ ಅಳಿಯನ ಹೆಸರು ಇರುತ್ತದೆ. 85 ರೂಪಾಯಿ ಯಾವುದಕ್ಕೆ, 240 ಯಾರಿಗೆ ಎಂಬುದು ವಾರ ಕಳೆಯುವಷ್ಟರಲ್ಲಿ ಮರೆತುಹೋಗುತ್ತದೆ. ಹೆಚ್ಚಿನ ಪಾವತಿ ಆ್ಯಪ್‌ಗಳಲ್ಲಿ ಮೊತ್ತದ ಕೆಳಗೆ ಟಿಪ್ಪಣಿ ಬರೆಯಲು ಸಣ್ಣ ಜಾಗವಿರುತ್ತದೆ. ಒಂದು ತಿಂಗಳ ಮಟ್ಟಿಗೆ ಅಲ್ಲಿ ‘ಹಾಲು’, ‘ಆಟೊ’, ‘ಸುಮ್ಮನೆ’ ಎಂದು ಬರೆಯಿರಿ. ‘ಸುಮ್ಮನೆ’ ಎಂದು ಬರೆಯಬೇಕಾಗಿ ಬಂದಾಗಲೇ ಎಷ್ಟೋ ಸಲ ಕೈ ತಡೆಯುತ್ತದೆ.

ಇದಕ್ಕಿಂತ ಗಟ್ಟಿಯಾದ ಉಪಾಯವೆಂದರೆ ಎರಡು ಖಾತೆ. ಸಂಬಳ ಬರುವ ಖಾತೆಯನ್ನು ಯುಪಿಐಯಿಂದ ಬಿಡಿಸಿ, ಬಾಡಿಗೆ, ಶಾಲೆಯ ಶುಲ್ಕ, ಸಾಲದ ಕಂತು ಮಾತ್ರ ಅಲ್ಲಿಂದ ಹೋಗಲಿ. ದಿನನಿತ್ಯದ ಖರ್ಚಿಗೆ ಇನ್ನೊಂದು ಖಾತೆ ಇಟ್ಟು, ಪ್ರತಿ ಸೋಮವಾರ ಅದಕ್ಕೆ ನಿಗದಿತ ಮೊತ್ತ ಹಾಕಿ. ಇಡೀ ತಿಂಗಳ ಹಣವನ್ನು ಒಟ್ಟಿಗೆ ಹಾಕಿದರೆ ಮೊದಲ ಹತ್ತು ದಿನ ಶ್ರೀಮಂತಿಕೆ, ಕೊನೆಯ ಹತ್ತು ದಿನ ಪರದಾಟ. ವಾರದ ಲೆಕ್ಕವಾದರೆ ಶುಕ್ರವಾರ ಹಣ ಮುಗಿದರೂ ತಡೆದುಕೊಳ್ಳಬೇಕಾದದ್ದು ಎರಡೇ ದಿನ. ಎರಡನೇ ಖಾತೆಯಲ್ಲಿ ಕನಿಷ್ಠ ಮೊತ್ತ ಉಳಿಸದಿದ್ದರೆ ದಂಡ ಬೀಳುತ್ತದೆಂಬ ಭಯವಿದ್ದರೆ, ಸ್ಟೇಟ್ ಬ್ಯಾಂಕ್ 2020ರಲ್ಲೇ, ಕೆನರಾ ಬ್ಯಾಂಕ್ 2025ರ ಜೂನ್‌ನಿಂದ ಉಳಿತಾಯ ಖಾತೆಗಳಿಗೆ ಆ ದಂಡವನ್ನು ಕೈಬಿಟ್ಟಿವೆ.

ಯುಪಿಐ ಲೈಟ್ ಕೂಡ ಇದೇ ಕೆಲಸಕ್ಕೆ ಬರುತ್ತದಲ್ಲವೇ ಎಂದು ಕೆಲವರು ಕೇಳುತ್ತಾರೆ. ಬರುತ್ತದೆ, ಆದರೆ ಅದು ಎರಡು ಅಲಗಿನ ಕತ್ತಿ. 5,000 ರೂಪಾಯಿಯವರೆಗೆ ತುಂಬಿಸಿಟ್ಟು, ಒಂದು ಸಲಕ್ಕೆ ಸಾವಿರದವರೆಗೆ ಪಿನ್ ಒತ್ತದೆಯೇ ಕೊಡಬಹುದು. ತುಂಬಿಸಿದ ಮೊತ್ತವೇ ವಾರದ ಮಿತಿ ಎಂದುಕೊಂಡರೆ ಒಳ್ಳೆಯದೇ. ಆದರೆ ಬ್ಯಾಂಕ್ ಸ್ಟೇಟ್‌ಮೆಂಟ್‌ನಲ್ಲಿ ತುಂಬಿಸಿದ ಒಂದೇ ಸಾಲು ಕಾಣುತ್ತದೆ, ಬಿಡಿ ಖರ್ಚು ಕಾಣುವುದಿಲ್ಲ. ಖಾಲಿಯಾದಾಗ ತಾನಾಗಿಯೇ ತುಂಬಿಕೊಳ್ಳುವ ಸೌಲಭ್ಯವನ್ನು ಚಾಲೂ ಇಟ್ಟರಂತೂ ಮಿತಿ ಎಂಬುದೇ ಉಳಿಯದು. ಅದನ್ನು ಮೊದಲು ಆಫ್ ಮಾಡಿ.

ಒಮ್ಮೆ ಮಾಡಿದರೆ ಉಳಿಯುವ ಜಾಗಗಳು ಎಂದೆನಲ್ಲ, ಅವುಗಳಲ್ಲಿ ಸುಲಭದ್ದು ಆಟೊಪೇ, ಅಂದರೆ ಒಮ್ಮೆ ಒಪ್ಪಿಗೆ ಕೊಟ್ಟರೆ ಖಾತೆಯಿಂದ ತಾನಾಗಿಯೇ ಹಣ ಕಡಿತವಾಗುತ್ತಿರುವ ವ್ಯವಸ್ಥೆ. ನಿಮ್ಮ ಯುಪಿಐ ಆ್ಯಪ್‌ನಲ್ಲಿ ಆ ಹೆಸರಿನ ವಿಭಾಗ ತೆರೆದರೆ, ಯಾವಾಗಲೋ ಉಚಿತ ಪ್ರಯೋಗವೆಂದು ಒಪ್ಪಿಗೆ ಕೊಟ್ಟು ಮರೆತ ಸಿನಿಮಾ ಆ್ಯಪ್, ಹಾಡಿನ ಆ್ಯಪ್, ಮಗುವಿನ ಗಣಿತದ ಆ್ಯಪ್ ಎಲ್ಲವೂ ಸಾಲಾಗಿ ಕುಳಿತಿರುತ್ತವೆ. ಫೋನಿನಿಂದ ಆ್ಯಪ್ ಅಳಿಸಿದ ಮಾತ್ರಕ್ಕೆ ಕಡಿತ ನಿಲ್ಲುವುದಿಲ್ಲ. ಒಪ್ಪಿಗೆಯನ್ನು ಇಲ್ಲೇ ರದ್ದು ಮಾಡಬೇಕು. ರಿಸರ್ವ್ ಬ್ಯಾಂಕ್ ನಿಯಮದ ಪ್ರಕಾರ ಇಂಥ ಕಡಿತಕ್ಕೆ 24 ಗಂಟೆ ಮೊದಲೇ ಸೂಚನೆ ಬರಬೇಕು, ಬರುತ್ತದೆ ಕೂಡ. ಜಾಹೀರಾತು ಸಂದೇಶಗಳ ರಾಶಿಯಲ್ಲಿ ಅದನ್ನು ನಾವೇ ನೋಡಿರುವುದಿಲ್ಲ.

ಕರ್ನಾಟಕದಲ್ಲಿರುವವರು ಕರೆಂಟ್ ಬಿಲ್ಲನ್ನು ಸ್ವಲ್ಪ ಹೊತ್ತು ಕೈಯಲ್ಲಿ ಹಿಡಿದು ಓದಬೇಕು. ರಾಜ್ಯ ಸರ್ಕಾರದ ಗೃಹಜ್ಯೋತಿ ಯೋಜನೆಯಲ್ಲಿ ಎಲ್ಲರಿಗೂ 200 ಯೂನಿಟ್ ಉಚಿತ ಎಂದು ಹಲವರು ತಿಳಿದಿದ್ದಾರೆ. ಹಾಗಿಲ್ಲ. ನಿಮ್ಮ ಮನೆಯ ಹಿಂದಿನ ಸರಾಸರಿ ಬಳಕೆಯ ಮೇಲೆ ಸ್ವಲ್ಪ ಹೆಚ್ಚಿಗೆ ಸೇರಿಸಿ ಒಂದು ಅರ್ಹತೆಯ ಮಿತಿ ಗೊತ್ತುಮಾಡಿರುತ್ತಾರೆ. ಅದನ್ನು ದಾಟಿದರೆ ದಾಟಿದಷ್ಟಕ್ಕೆ ಹಣ ಕೊಡಬೇಕು. ಆದರೆ 200 ದಾಟಿತೋ, ಪೂರ್ತಿ ಬಿಲ್ಲು ನಿಮ್ಮದೇ. ಯೂನಿಟ್‌ಗೆ ಆರು ರೂಪಾಯಿಯ ಆಸುಪಾಸು ಹಿಡಿದರೂ 201 ಯೂನಿಟ್‌ನ ಬಿಲ್ಲು ಸಾವಿರದ ಇನ್ನೂರು ಮೀರುತ್ತದೆ, ನಿಗದಿತ ಶುಲ್ಕ ಬೇರೆ. ಆದ್ದರಿಂದ 190–210ರ ನಡುವೆ ಓಲಾಡುವ ಮನೆಯವರು ತಿಂಗಳ ಮಧ್ಯದಲ್ಲಿ ಒಮ್ಮೆ ಮೀಟರ್ ನೋಡುವುದು ಲಾಭದ ಕೆಲಸ. 2,000 ವ್ಯಾಟ್‌ನ ಗೀಸರ್ ಅರ್ಧ ಗಂಟೆ ಉರಿದರೆ ಒಂದು ಯೂನಿಟ್. ದಿನಕ್ಕೆ ಅರ್ಧ ಗಂಟೆ ಕಡಿಮೆಯಾದರೆ ತಿಂಗಳಿಗೆ 30. ಹಳೆಯ ಫ್ಯಾನ್ 75 ವ್ಯಾಟ್ ಎಳೆದರೆ ಈಗಿನ ಬಿಎಲ್‌ಡಿಸಿ ಎಂಬ ಹೊಸ ಬಗೆಯ ಮೋಟಾರಿನ ಫ್ಯಾನ್‌ಗೆ 35 ಸಾಕು. ದಿನಕ್ಕೆ ಹನ್ನೆರಡು ಗಂಟೆ ತಿರುಗುವ ಒಂದು ಫ್ಯಾನ್‌ನಲ್ಲೇ ತಿಂಗಳಿಗೆ ಹದಿನಾಲ್ಕು ಯೂನಿಟ್ ಉಳಿಯುತ್ತದೆ. ನೀವು ಅರ್ಹತೆಯ ಮಿತಿಯೊಳಗೇ ಆರಾಮಾಗಿದ್ದರೆ ಹೊಸ ಫ್ಯಾನ್ ಕೊಳ್ಳಬೇಡಿ. ಪರಿಸರಕ್ಕೆ ಒಳ್ಳೆಯದಾಗಬಹುದು, ಜೇಬಿಗೆ ಏನೂ ಉಳಿಯದು.

ದಿನಸಿಯ ವಿಷಯದಲ್ಲಿ ದೊಡ್ಡ ಪ್ಯಾಕೆಟ್ ಎಂದರೆ ಅಗ್ಗ ಎಂಬ ನಂಬಿಕೆಯನ್ನು ಸ್ವಲ್ಪ ಸಡಿಲಿಸಿ. ಈಗ ಹೆಚ್ಚಿನ ಪೊಟ್ಟಣಗಳ ಮೇಲೆ ಎಂಆರ್‌ಪಿ ಪಕ್ಕದಲ್ಲೇ, ಇರುವೆಯಷ್ಟು ಅಕ್ಷರದಲ್ಲಿ, ಒಂದು ಗ್ರಾಂಗೆ ಅಥವಾ ಒಂದು ಮಿಲಿಲೀಟರ್‌ಗೆ ಎಷ್ಟು ಬೆಲೆ ಎಂದು ಮುದ್ರಿಸಿರುತ್ತಾರೆ. ಹೋಲಿಸಬೇಕಾದದ್ದು ಅದನ್ನು. ಶಾಂಪೂವಿನಲ್ಲಿ ಎಷ್ಟೋ ಬ್ರಾಂಡ್‌ಗಳ ಒಂದು ರೂಪಾಯಿ, ಎರಡು ರೂಪಾಯಿಯ ಸ್ಯಾಶೆಯೇ ಬಾಟಲಿಗಿಂತ ಅಗ್ಗ ಬೀಳುತ್ತದೆ. ಪ್ಲಾಸ್ಟಿಕ್ ಕಸ ಹೆಚ್ಚುತ್ತದೆ ಎಂಬ ಆಕ್ಷೇಪ ನನಗೂ ಇದೆ. ಲೆಕ್ಕ ಮಾತ್ರ ಲೆಕ್ಕವೇ. ಹತ್ತು ನಿಮಿಷದಲ್ಲಿ ಸಾಮಾನು ತಂದುಕೊಡುವ ಆ್ಯಪ್‌ಗಳಲ್ಲಿ ಬೆಲೆಗಿಂತ ದೊಡ್ಡ ಬಲೆಯೆಂದರೆ ‘ಇನ್ನು 60 ರೂಪಾಯಿಯ ಸಾಮಾನು ಸೇರಿಸಿದರೆ ಡೆಲಿವರಿ ಉಚಿತ’ ಎಂಬ ಸಾಲು. ಕೊತ್ತಂಬರಿ ಸೊಪ್ಪಿಗೆಂದು ತೆರೆದವರು ಚಾಕಲೇಟ್, ಚಿಪ್ಸ್ ಸೇರಿಸಿ ಮುಗಿಸುತ್ತಾರೆ. ಬೇಕಾದದ್ದನ್ನು ಬುಟ್ಟಿಗೆ ಹಾಕಿ ರಾತ್ರಿಯೆಲ್ಲ ಹಾಗೇ ಬಿಡಿ. ಬೆಳಿಗ್ಗೆ ನೋಡಿದರೆ ಅರ್ಧದಷ್ಟು ಬೇಡವೆನ್ನಿಸುತ್ತದೆ.

ಮನೆಯಲ್ಲಿ ಬಿಪಿ, ಸಕ್ಕರೆ ಕಾಯಿಲೆಯ ಮಾತ್ರೆ ನಿತ್ಯ ನುಂಗುವವರಿದ್ದರೆ ಉಳಿತಾಯ ಅಲ್ಲೇ ದೊಡ್ಡದು. ಜನೌಷಧಿ ಕೇಂದ್ರಗಳಲ್ಲಿ ಅದೇ ಔಷಧ ಬ್ರಾಂಡ್ ಬೆಲೆಗಿಂತ ಅರ್ಧಕ್ಕೂ ಕಡಿಮೆಗೆ ಸಿಗುತ್ತದೆ. ಚೀಟಿಯಲ್ಲಿ ಬ್ರಾಂಡ್ ಹೆಸರಿನ ಬದಲು ಔಷಧದ ಮೂಲ ಹೆಸರನ್ನು ಬರೆದುಕೊಡಿ ಎಂದು ವೈದ್ಯರನ್ನೇ ಕೇಳಿ, ಅವರ ಗಮನಕ್ಕೆ ತಂದು ಬದಲಿಸಿ. ಓಡಾಟದ ಬಗ್ಗೆ ಹೆಚ್ಚು ಹೇಳುವುದಿಲ್ಲ: ರಾಜ್ಯದ ಸಾಮಾನ್ಯ ಬಸ್ಸುಗಳಲ್ಲಿ ಮಹಿಳೆಯರಿಗೆ ಶಕ್ತಿ ಯೋಜನೆಯಡಿ ಟಿಕೆಟ್ ಹಣವಿಲ್ಲ, ಅದನ್ನು ಬಳಸಲು ಸಂಕೋಚ ಬೇಡ.

ಕೆಲವು ಕಡೆ ಕತ್ತರಿ ಹಾಕಲೇಬೇಡಿ. ಆರೋಗ್ಯ ವಿಮೆಯ ಕಂತು ಒಂದು. ವೈಯಕ್ತಿಕ ಪಾಲಿಸಿಗಳ ಮೇಲಿನ ಜಿಎಸ್‌ಟಿಯನ್ನೂ 2025ರ ಸೆಪ್ಟೆಂಬರ್ 22ರಿಂದ ತೆಗೆದುಹಾಕಲಾಗಿದೆ. ಇನ್ನೊಂದು, ಮನೆಗೆಲಸದವರ ಸಂಬಳ. ನಾಲ್ಕು ದಿನ ರಜೆ ಹಾಕಿದರೆಂದು ಲೆಕ್ಕ ಹಿಡಿದು ಮುರಿದುಕೊಳ್ಳುವುದು, ಸೊಪ್ಪಿನ ಗಾಡಿಯವರ ಬಳಿ ಐದು ರೂಪಾಯಿಗೆ ಚೌಕಾಸಿ ಮಾಡುವುದು, ಇದನ್ನು ನಾನು ಮಿತವ್ಯಯವೆಂದು ಒಪ್ಪುವುದಿಲ್ಲ. ಅದು ನಮ್ಮ ಕೊರತೆಯನ್ನು ನಮಗಿಂತ ಬಡವರ ಹೆಗಲಿಗೆ ದಾಟಿಸುವುದು.

ಉಳಿದ ಹಣ ಖಾತೆಯಲ್ಲೇ ಬಿದ್ದಿದ್ದರೆ ಮುಂದಿನ ಹಬ್ಬದ ಸೇಲ್‌ಗೆ ಹೋಗುತ್ತದೆ. ಸಂಬಳ ಬಂದ ಮರುದಿನವೇ ಆರ್‌ಡಿಗೆ, ಅಂದರೆ ತಿಂಗಳು ತಿಂಗಳೂ ನಿಗದಿತ ಮೊತ್ತ ಕಟ್ಟುವ ಠೇವಣಿಗೆ, ಕಡಿತವಾಗುವಂತೆ ಮಾಡಿ. ಅಂಚೆ ಕಚೇರಿಯಲ್ಲಿ ತಿಂಗಳಿಗೆ 100 ರೂಪಾಯಿಯಿಂದಲೇ ಶುರು ಮಾಡಬಹುದು. ಕ್ರೆಡಿಟ್ ಕಾರ್ಡ್ ಬಾಕಿ ಉಳಿಸಿಕೊಂಡಿದ್ದರೆ ಆರ್‌ಡಿ ಮಾತು ಆಮೇಲೆ. ತಿಂಗಳಿಗೆ ಮೂರು, ಮೂರೂವರೆ ಶೇಕಡಾ ಬಡ್ಡಿ ಕಟ್ಟುತ್ತ, ವರ್ಷಕ್ಕೆ ಆರೇಳು ಶೇಕಡಾ ಬಡ್ಡಿ ಗಳಿಸುವುದರಲ್ಲಿ ಅರ್ಥವಿಲ್ಲ.

ನೀವಿಬ್ಬರೂ ದುಡಿಯುವವರು ಎಂದಿದ್ದೀರಿ. ಹಾಗಾದರೆ ವಾರದ ಹಣದಲ್ಲೇ ಇಬ್ಬರಿಗೂ ಸಮನಾಗಿ, ಐನೂರೋ ಮುನ್ನೂರೋ, ಒಬ್ಬರು ಇನ್ನೊಬ್ಬರ ಬಳಿ ಲೆಕ್ಕ ಕೇಳಬಾರದಂಥ ಒಂದು ಮೊತ್ತವನ್ನು ಎತ್ತಿಡಿ. ಕಾಫಿ, ಚಾಟ್ಸ್, ಸ್ನೇಹಿತರಿಗೆ ಕೊಡಿಸಿದ ಜ್ಯೂಸ್ ಎಲ್ಲವೂ ಅದರಲ್ಲೇ ಆಗಲಿ.